ಏಳಲೊಲ್ಲದ ಮುಳ್ಳು

ಕಳೆದ ಚಳಿಗಾಲದಲ್ಲಿ ಮೂರು ವಾರ ನನ್ನ ಬಲಗೈ ಹೆಬ್ಬೆರಳಿನ ಉಗುರು ಮುರಿದುಕೊಂಡೇ ಇತ್ತು. ಷರ್ಟಿನ ಗುಂಡಿ ಹಾಕುವಾಗ ನೂಲಿಗೆ ಸಿಕ್ಕುತ್ತಿತ್ತು. ಊಟಕ್ಕೆ ಕುಳಿತರೆ ಉಪ್ಪಿನಕಾಯಿಯ ಖಾರ ಒಳಗಿಳಿದು ಚುರುಗುಟ್ಟುತ್ತಿತ್ತು. ಸ್ವಲ್ಪ ಬೆಳೆಯಿತು ಅನ್ನುವಷ್ಟರಲ್ಲಿ ಮತ್ತೆ ಮುರಿಯುತ್ತಿತ್ತು. ಇದಕ್ಕೆಲ್ಲ ಕಾರಣ ನಾನು ಕೊಂಡು ತಂದ ಒಂದು ಹಳೆಯ ಮಡಚುಕತ್ತಿ. ಅದರ ಅಲಗು ತೆರೆಯುತ್ತಿತ್ತು, ಡಬ್ಬಿಯ ಮುಚ್ಚಳ ಕತ್ತರಿಸುವ ಕೊಕ್ಕೆಯೂ ತೆರೆಯುತ್ತಿತ್ತು. ಬೆನ್ನಿಗೆ ಅಂಟಿಕೊಂಡು ಮಲಗಿದ್ದ ದಪ್ಪ ಮುಳ್ಳೊಂದು ಮಾತ್ರ ಏನು ಮಾಡಿದರೂ ಏಳುತ್ತಿರಲಿಲ್ಲ. “ಅದು ಏಳದಿದ್ದರೆ ಈ ಮನೆಯಲ್ಲಿ ಯಾವ ಕೆಲಸ ನಿಂತಿದೆ ಹೇಳಿ” ಎಂದು ಹೆಂಡತಿ ಕೇಳಿದಳು. ಯಾವುದೂ ನಿಂತಿರಲಿಲ್ಲ. ಆದರೂ ರಾತ್ರಿ ಊಟವಾದ ಮೇಲೆ ಕೈ ತಾನಾಗಿ ಆ ಕಡೆ ಹೋಗುತ್ತಿತ್ತು.

ಅದನ್ನು ಕೊಂಡದ್ದು ಈಸಾ ಟೌನಿನ ಹಳೆ ಸಾಮಾನಿನ ಸಂತೆಯಲ್ಲಿ. ಬಹರೈನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಬೆಳಗ್ಗೆ ನಮ್ಮ ಕಟ್ಟಡದವರೆಲ್ಲ ಮುಸುಕು ಹೊದ್ದು ಮಲಗಿರುವಾಗ ನಾನು ಅಲ್ಲಿಗೆ ಹೊರಡುತ್ತೇನೆ. ನೆಲಕ್ಕೆ ಹಾಸಿದ ಬಟ್ಟೆಗಳ ಮೇಲೆ ಫ್ಯಾನು, ಹೊಲಿಗೆ ಯಂತ್ರ, ಮಕ್ಕಳ ಸೈಕಲ್ಲು, ಹಿಡಿ ಮುರಿದ ಹಿತ್ತಾಳೆಯ ಕಾಫಿ ಹೂಜಿ, ಯಾರದೋ ಫೋಟೋ ತೆಗೆದು ಖಾಲಿ ಮಾಡಿದ ಚೌಕಟ್ಟು. ಕೊಲ್ಲಿಯ ಊರುಗಳಲ್ಲಿ ಇಂಥ ಸಂತೆಗೆ ‘ಸೂಕ್ ಅಲ್ ಹರಾಜ್’ ಎಂಬ ಹೆಸರುಂಟು. ಮೊದಲ ಸಲ ಕೇಳಿದಾಗ, ನಮ್ಮ ಅಡಿಕೆ ಮಂಡಿಯಲ್ಲಿ ಕೂಗುವ ಹರಾಜು ಇಲ್ಲಿಗೆ ಹೇಗೆ ಬಂತಪ್ಪಾ ಅನ್ನಿಸಿತ್ತು. ಬಂದದ್ದು ಇಲ್ಲಿಂದ ಅಲ್ಲಿಗೆ. ಹರಾಜು, ದಲ್ಲಾಳಿ, ಬಾಕಿ, ಅಸಲು, ವಸೂಲಿ, ಜಮಾ. ಅಜ್ಜನ ಲೆಕ್ಕದ ಪುಸ್ತಕದ ಈ ಮಾತುಗಳೆಲ್ಲ ಅರಬ್ಬಿ ಮೂಲದವು, ಫಾರಸಿ ಉರ್ದುಗಳ ಕೈದಾಟಿ ನಮ್ಮಲ್ಲಿಗೆ ಬಂದು ನಮ್ಮವೇ ಆದವು. ಆ ಸಂತೆಯಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರೆ, ಅರ್ಥವಾಗದ ಮಾತಿನ ಗದ್ದಲದ ನಡುವೆ ಒಂದೊಂದು ಗುರುತಿನ ಮುಖ ಹಾಯ್ದುಹೋಗುತ್ತದೆ.

ಕತ್ತಿ ಇದ್ದದ್ದು ಒಬ್ಬ ಬಹರೈನಿ ಮುದುಕರ ಮುಂದೆ, ಕೀಲಿಕೈ, ನಲ್ಲಿ, ಗಡಿಯಾರದ ಪಟ್ಟಿಗಳ ಜೊತೆ ಒಂದು ಅಗಲವಾದ ತಟ್ಟೆಯಲ್ಲಿ. ಈ ದೇಶದ ಹಳೆಯ ತಲೆಗಳಿಗೆ ಹಿಂದೂಸ್ತಾನಿ ಚೆನ್ನಾಗಿ ಬರುತ್ತದೆ. ಐದು ದಿನಾರು ಅಂದರು, ಮೂರಕ್ಕೆ ಇಳಿದರು. ಕೈಚಾಚಿದೆ. ಅವರು ಕೈಗೆ ಕೊಡಲಿಲ್ಲ. ಬಟ್ಟೆಯ ಮೇಲಿಟ್ಟು “ಎತ್ತಿಕೊಳ್ಳಿ” ಎಂದು ಸನ್ನೆ ಮಾಡಿದರು. ಅವರಲ್ಲಿ ಹಾಗೊಂದು ನಡೆವಳಿಕೆ ಇದೆಯೋ, ಅದು ಅವರೊಬ್ಬರದೇ ರೂಢಿಯೋ, ನಾನು ಕೇಳಲಿಲ್ಲ. ನನಗೆ ಮಾತ್ರ ನಮ್ಮ ಅಜ್ಜಿ ನೆನಪಾದರು. ಕತ್ತಿ, ಕತ್ತರಿ, ಸೂಜಿ ಯಾವುದನ್ನೂ ಕೈಯಿಂದ ಕೈಗೆ ಕೊಡಬಾರದು, ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಬರುತ್ತದೆ, ನೆಲಕ್ಕಿಡು ಅನ್ನುವುದು ಅಜ್ಜಿಯ ಕಟ್ಟಪ್ಪಣೆ. ಪಕ್ಕದಲ್ಲಿ ಚಾರ್ಜರು ಮಾರುತ್ತಿದ್ದ ಕಾಸರಗೋಡಿನ ಹುಡುಗ ಬಗ್ಗಿ ನೋಡಿ “ಒಳ್ಳೇ ಪಿಚ್ಚಾತ್ತಿ” ಅಂದ. ನಮ್ಮ ಕಡೆ ಅದಕ್ಕೆ ಪೀಶಕತ್ತಿ. ಕೊಡವರು ಕುಪ್ಯದ ನಡುಪಟ್ಟಿಗೆ ಸಿಕ್ಕಿಸಿಕೊಳ್ಳುವುದು ಪೀಚೆಕತ್ತಿ. ಕಾಸರಗೋಡಿನಿಂದ ಮಡಿಕೇರಿಯವರೆಗೆ ಅದೇ ಒಂದು ಶಬ್ದ, ಬೇರೆ ಬೇರೆ ಹಿಡಿ ಹಾಕಿಕೊಂಡು ಓಡಾಡುತ್ತಿದೆ.

ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದೆ. ಅಂಗೈ ತುಂಬುವ ಉದ್ದ, ಜೇಬು ಜಗ್ಗುವ ತೂಕ. ಹಿಡಿ ಕಪ್ಪು, ಬೆವರಿದ ಕೈಯಿಂದ ಜಾರದಿರಲೆಂದು ಅದರ ಮೇಲೆ ಸಣ್ಣ ಸಣ್ಣ ಚೌಕುಳಿ. ಒಂದು ತುದಿಯಲ್ಲಿ ಹಗ್ಗ ಕಟ್ಟುವುದಕ್ಕೆ ಬಳೆ. ಇನ್ನೊಂದು ತುದಿಯ ಲೋಹ ಸ್ಕ್ರೂಡ್ರೈವರಿನ ಹಾಗೆ ಚಪ್ಪಟೆ. ಅಲಗಿಗೆ ಮೊನೆಯಿಲ್ಲ. ಬೆನ್ನು ಬಾಗಿ ಬಂದು ನೇರ ಬಾಯಿಯನ್ನು ಕೂಡಿಕೊಳ್ಳುತ್ತದೆ, ಕುರಿಯ ಗೊರಸಿನಂತೆ. ತೂಗಾಡುವ ಹಡಗಿನಲ್ಲಿ ಹಗ್ಗ ಕತ್ತರಿಸುವವನ ಕೈ ತಪ್ಪಿದರೂ ಯಾರಿಗೂ ಚುಚ್ಚಬಾರದು. ನಾವಿಕರ ಕತ್ತಿಗೆ ಈ ಆಕಾರ ಬಂದದ್ದು ಹಾಗೆ. ಏಳಲೊಲ್ಲದ ಮುಳ್ಳೂ ಹಗ್ಗದ ಕೆಲಸದ್ದೇ. ಬಿಗಿದ ಗಂಟು ಸಡಿಲಿಸುವುದಕ್ಕೆ, ಹುರಿಗಳ ನಡುವೆ ದಾರಿ ಮಾಡುವುದಕ್ಕೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೂ ನಾವಿಕರಿಗೂ ಕೊಟ್ಟ ಕತ್ತಿಯ ನಮೂನೆ ಇದು. ಅಲಗಿನ ಬುಡದಲ್ಲಿ ತುಕ್ಕಿನ ಕೆಳಗೆ ಶೆಫೀಲ್ಡ್ ಅನ್ನುವ ಅಕ್ಷರಗಳು ಮಸುಕಾಗಿ ಕಂಡವು. ಅದರ ಹತ್ತಿರ ಒಂದು ಪುಟ್ಟ ಬಾಣ, ಮೂರು ಗೀಟು ಒಂದು ತುದಿಯಲ್ಲಿ ಸೇರಿದಂತೆ.

ಆ ಬಾಣವನ್ನು ನಾನು ಐದಾರು ವರ್ಷದವನಿದ್ದಾಗಲೇ ಬಲ್ಲೆ. ನಮ್ಮ ತೋಟದ ಮೂಲೆಯ ಸರ್ವೆ ಕಲ್ಲಿನ ಮೇಲೆ ಅದೇ ಬಾಣವಿತ್ತು. ದಕ್ಷಿಣ ಕನ್ನಡ 1956ರವರೆಗೆ ಮದರಾಸಿನ ಕೆಳಗಿತ್ತಲ್ಲ, ಆ ಕಾಲದ ಕಲ್ಲು. ಮಳೆಗಾಲದಲ್ಲಿ ಪಾಚಿ ಕಟ್ಟಿದಾಗ ಅಜ್ಜ ಪೀಶಕತ್ತಿಯ ತುದಿಯಿಂದ ಗೀಟಿನೊಳಗಿನ ಪಾಚಿ ಕೆರೆದು ತೆಗೆಯುತ್ತಿದ್ದರು, ನಮ್ಮ ಗಡಿ ಮಾಸಬಾರದೆಂದು. ಬ್ರಿಟಿಷ್ ಸರ್ಕಾರದ ಸೊತ್ತಿಗೆಲ್ಲ ಹಾಕುತ್ತಿದ್ದ ಗುರುತು ಅದು. ಅಲ್ಲಿ ಕಲ್ಲಿನ ಮೇಲೆ, ಇಲ್ಲಿ ಉಕ್ಕಿನ ಮೇಲೆ. ಕತ್ತಿ ಇಲ್ಲಿಗೆ ಬಂದ ದಾರಿಯನ್ನು ಊಹಿಸಬಹುದು ಅಷ್ಟೇ. ಬಹರೈನಿನಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿತು. 1940ರ ಅಕ್ಟೋಬರಿನಲ್ಲಿ ಇಟಲಿಯ ವಿಮಾನಗಳು ಇಲ್ಲಿನ ತೈಲ ಶುದ್ಧೀಕರಣ ಘಟಕದ ಮೇಲೆ ಬಾಂಬು ಹಾಕಿದವು. ಜುಫೈರಿನಲ್ಲಿ ಬ್ರಿಟಿಷ್ ನೌಕಾನೆಲೆ ಇತ್ತು. 1971ರಲ್ಲಿ ದೇಶ ಸ್ವತಂತ್ರವಾಯಿತು, ಬ್ರಿಟಿಷರು ಹೊರಟರು. ಈ ಕತ್ತಿಯನ್ನು ಯಾರು ಮರೆತು ಹೋದರೋ, ಯಾರು ಮಾರಿ ಹೋದರೋ. ಬಳೆಗೆ ಕಟ್ಟಿದ್ದ ಹಗ್ಗ ಉಜ್ಜಿ ಉಜ್ಜಿ ಒಂದು ಕಡೆ ಲೋಹ ಸವೆದು ಹೊಳಪಾಗಿದೆ. ಅಷ್ಟು ದಿನ ಅದು ಒಬ್ಬನ ಸೊಂಟದಲ್ಲಿ ತೂಗಿತ್ತು ಅನ್ನುವುದಷ್ಟೇ ಅದು ಹೇಳುತ್ತದೆ.

ಅಜ್ಜನಿಗೆ ಇಂಥದ್ದೊಂದು ಬೇಕಾಗಿಯೇ ಇರಲಿಲ್ಲ. ಹಿತ್ತಿಲು, ಕೊಟ್ಟಿಗೆ, ಅಡುಗೆಮನೆ ಎಲ್ಲ ಕಡೆ ಅದರದರ ಕೆಲಸಕ್ಕೆ ಅದರದರ ಹತ್ಯಾರವಿತ್ತು. ತೆಂಗಿನಕಾಯಿ ಹೆರೆಯುವುದಕ್ಕೆ ಹೆರೆಮಣೆ, ತರಕಾರಿಗೆ ಮೆಟ್ಟುಕತ್ತಿ, ಗೋಣಿ ಹೊಲಿಯುವುದಕ್ಕೆ ದಬ್ಬಣ, ಎಲೆಯಡಿಕೆ ಹರಿವಾಣದಲ್ಲಿ ಅಡಕತ್ತರಿ. ಪೀಶಕತ್ತಿಯನ್ನು ಊರಿನ ಆಚಾರಿ ಲಾರಿಯ ಹಳೆ ಪ್ಲೇಟು ಬಡಿದು ಮಾಡಿಕೊಟ್ಟಿದ್ದರು. ಮಡಚುವ, ಬಿಚ್ಚುವ ತಾಪತ್ರಯವಿಲ್ಲ, ಮಾಡಿಗೆ ಸಿಕ್ಕಿಸಿದರೆ ಆಯಿತು. ಒಂದೇ ಒಂದು ವಿಷಯದಲ್ಲಿ ಅಜ್ಜ ಹಲವನ್ನು ಒಂದಾಗಿ ಕಟ್ಟಿಕೊಂಡಿದ್ದರು. ಸುಣ್ಣದ ಡಬ್ಬಿಯ ಸರಪಳಿಗೆ ಮುಳ್ಳು ಕೀಳುವ ಚಿಮಟ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಹಲ್ಲುಕಡ್ಡಿ ಮೂರನ್ನೂ ಒಂದೇ ಬಳೆಯಲ್ಲಿ ಪೋಣಿಸಿದ್ದರು. ನಡೆದರೆ ಕಿಣಿಕಿಣಿ. ಕೊಡವರ ಪೀಚೆಕತ್ತಿಯ ಬೆಳ್ಳಿ ಸರಪಳಿಯಲ್ಲೂ ಇಂಥ ಪುಟ್ಟ ಪುಟ್ಟ ಸಲಕರಣೆಗಳು ತೂಗುವುದನ್ನು ಆಮೇಲೆ ಒಂದು ಮದುವೆಯಲ್ಲಿ ನೋಡಿದಾಗ, ಅಜ್ಜ ಆ ಮದುಮಗನ ಬೆನ್ನ ಹಿಂದೆಯೇ ನಿಂತ ಹಾಗಾಯಿತು.

ಮಾವ ಬಹರೈನಿಗೆ ಬಂದದ್ದು 1976ರಲ್ಲಿ, ಬೊಂಬಾಯಿಯಿಂದ ‘ದ್ವಾರಕಾ’ ಹಡಗಿನ ಡೆಕ್ಕಿನಲ್ಲಿ ಚಾಪೆ ಹಾಸಿಕೊಂಡು. ಕರಾಚಿ, ಮಸ್ಕತ್ತು, ದುಬೈ ಎಂದು ಬಂದರು ಬಂದರಿಗೆ ನಿಲ್ಲುತ್ತ ಬರುವ ಆ ಹಡಗು 1982ರವರೆಗೂ ಓಡುತ್ತಿತ್ತು. ಮೂರು ವರ್ಷ ಬಿಟ್ಟು ಮೊದಲ ರಜೆಗೆ ಬಂದಾಗ ಅಜ್ಜನಿಗೆಂದು ಮನಾಮಾದ ಸೂಕಿನಿಂದ ಕೆಂಪು ಹಿಡಿಯ ಸ್ವಿಸ್ ಚಾಕು ತಂದರು. ಆ ಚಾಕುವಿನ ಕತೆಯನ್ನು ನಾನು ದೊಡ್ಡವನಾದ ಮೇಲೆ ಓದಿ ತಿಳಿದೆ. ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಕತ್ತಿ ಮಾಡುವ ಕಾರ್ಖಾನೆ ಇಟ್ಟ. ಆ ದೇಶದ ಸಿಪಾಯಿಗಳ ಮೊದಲ ಚಾಕುಗಳು ಬಂದದ್ದು ಜರ್ಮನಿಯ ಜೋಲಿಂಗನ್ನಿನಿಂದ. ಅನ್ನ ತಿನ್ನಲು, ಡಬ್ಬಿ ತೆರೆಯಲು, ಬಂದೂಕಿನ ತಿರುಪು ಬಿಚ್ಚಲು ಬೇಕಾದ ಚಾಕುವನ್ನು ನಮ್ಮೂರಲ್ಲೇ ಮಾಡಬೇಕು ಎಂದು ಹಟ ಹಿಡಿದ ಎಲ್ಸೆನರ್ 1891ರಿಂದ ಸೈನ್ಯಕ್ಕೆ ಕೊಡಲು ಶುರುಮಾಡಿದ, ಸಾಲದಲ್ಲಿ ಮುಳುಗಿ ಬಂಧುಗಳ ಸಹಾಯದಿಂದ ಮೇಲೆದ್ದ. 1897ರಲ್ಲಿ ಅವನಿಗೆ ಹೊಳೆದ ಉಪಾಯ ನೋಡಿ: ಬೆನ್ನಿನ ಒಂದೇ ಸ್ಪ್ರಿಂಗು ಎರಡೂ ಬದಿಯ ಹತ್ಯಾರಗಳನ್ನು ಹಿಡಿಯಬೇಕು. ಎರಡು ಸ್ಪ್ರಿಂಗಿನಲ್ಲಿ ಆರು ಹತ್ಯಾರ, ತೂಕವೂ ಕಡಿಮೆ. ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡಾಗ ಅವಳ ಹೆಸರನ್ನೇ ಚಾಕುವಿಗಿಟ್ಟ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, 1921ರಲ್ಲಿ, ಅದು ವಿಕ್ಟೋರಿನಾಕ್ಸ್ ಆಯಿತು. ಜಗತ್ತಿನ ಎಷ್ಟೋ ಜೇಬುಗಳಲ್ಲಿ ಒಬ್ಬ ತಾಯಿಯ ಹೆಸರಿದೆ ಅನ್ನುವುದು ನನಗೆ ಇಷ್ಟ.

ಕೊಲ್ಲಿಯಿಂದ ಬಂದ ಸಾಮಾನು ಆಗ ನೇರ ಶೋಕೇಸಿಗೆ ಹೋಗುತ್ತಿತ್ತು. ನೆರೆಮನೆಯಲ್ಲಿ ಟಾರ್ಚು, ಸೆಂಟಿನ ಬಾಟ್ಲಿ, ಹಾಲಿನ ಪುಡಿಯ ಡಬ್ಬ ಎಲ್ಲ ಗಾಜಿನ ಹಿಂದಿದ್ದವು. ಅಜ್ಜ ಹಾಗೆ ಮಾಡಲಿಲ್ಲ. ಜಗಲಿಯಲ್ಲಿ ಕುಳಿತು ಒಂದೊಂದನ್ನೇ ಬಿಚ್ಚಿ “ಇದು ಯಾವುದಕ್ಕೆ?” ಎಂದು ಮಾವನನ್ನು ಕೇಳಿದರು. ಸುರುಳಿ ಸುತ್ತಿದ ಮೊಳೆಯ ಸರದಿ ಬಂದಾಗ ಮಾವ ಸಂಕೋಚದಿಂದ ತಲೆ ತಗ್ಗಿಸಿ “ಅದು ಬ್ರಾಂದಿ ಗಿಂದಿ ಬಾಟ್ಲಿಯ ಬಿರಡೆ ತೆಗೆಯಲಿಕ್ಕೆ” ಅಂದರು. ಅಜ್ಜ ಹ್ಞೂಂ ಅಂದು ಒಳಗೆ ಹೋಗಿ ದಶಮೂಲಾರಿಷ್ಟದ ಬಾಟ್ಲಿ ತಂದರು. ಅದರ ಬಿರಡೆ ಅರ್ಧ ಮುರಿದು ಕುತ್ತಿಗೆಯಲ್ಲಿ ಸಿಕ್ಕಿಕೊಂಡು ಒಂದು ವಾರವಾಗಿತ್ತು. ಸುರುಳಿ ತಿರುಗಿಸಿ ಮೆಲ್ಲ ಎಳೆದರು. ಪೊಕ್ ಎಂದು ಬಂತು, ಜಗಲಿ ತುಂಬ ಅರಿಷ್ಟದ ಘಾಟು. ಆಮೇಲೆ ಚಾಕುವಿನ ದಬ್ಬಣದಿಂದ ಅಡಿಕೆ ಹಾಳೆಗೆ ತೂತು ಕೊರೆದು ಮುಟ್ಟಾಳೆ ಹೊಲಿದರು. ಪುಟ್ಟ ಚಿಮಟ ಬಂದ ಮೇಲೆ ಸುಣ್ಣದ ಡಬ್ಬಿಯ ಚಿಮಟ ಅಜ್ಜಿಯ ಪಾಲಿಗೆ ಹೋಯಿತು. ಹಿಮದ ಬೆಟ್ಟದ ಸಿಪಾಯಿಗಾಗಿ ಹುಟ್ಟಿದ ಚಾಕು ನಮ್ಮ ಜಗಲಿಯಲ್ಲಿ ಒಂದು ಸಂಜೆಗೆ ಒಕ್ಕಲಾಯಿತು.

ಮಾವನಿಗೆ ಮಾತ್ರ ಅಂಥ ಚಾಕು ಯಾಕೆ ಅಷ್ಟು ಮೆಚ್ಚುಗೆಯಾಗಿತ್ತು ಅನ್ನುವುದು ನಾನು ಇಲ್ಲಿಗೆ ಬಂದು ಮನಾಮಾದ ಒಂದು ಕೋಣೆಯಲ್ಲಿ ಐದು ಜನರ ಜೊತೆ ಇದ್ದಾಗ ತಿಳಿಯಿತು. ಊರಲ್ಲಿ ಮನೆ ತುಂಬ ಹರಡಿರುವುದೆಲ್ಲ ಇಲ್ಲಿ ಮಂಚದ ಕೆಳಗಿನ ಒಂದು ಪೆಟ್ಟಿಗೆಯಲ್ಲಿ ಹಿಡಿಯಬೇಕು. ಈರುಳ್ಳಿ ಹೆಚ್ಚುವ ಚಾಕುವೇ ರಟ್ಟಿನ ಪೆಟ್ಟಿಗೆ ಕತ್ತರಿಸಬೇಕು, ಅದರ ತುದಿಯೇ ಪ್ಲಗ್ಗಿನ ತಿರುಪು ಬಿಗಿಯಬೇಕು. ಮನೆಯಲ್ಲಿರುವವನಿಗೆ ಹತ್ಯಾರ ಬಿಡಿಬಿಡಿಯಾಗಿರುತ್ತದೆ, ಕೂಗಿದರೆ ತಂದುಕೊಡಲು ಜನವೂ ಇರುತ್ತಾರೆ. ಮನೆ ಬಿಟ್ಟವನು ಅವನ್ನೆಲ್ಲ ಮಡಚಿ ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತಾನೆ. ಸಿಪಾಯಿ, ನಾವಿಕ, ಡೆಕ್ಕಿನ ಮೇಲೆ ಚಾಪೆ ಹಾಸಿ ಬಂದ ಮಾವ, ಎಲ್ಲರದೂ ಒಂದೇ ಕತೆ. ಮದುವೆಯಾಗಿ ಹೆಂಡತಿ ಮೊದಲ ಸಲ ಇಲ್ಲಿಗೆ ಬಂದಾಗ ಅವಳ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಹಳೆ ಪಂಚೆಯಲ್ಲಿ ಸುತ್ತಿದ ಭಾರದ ಒಂದು ಗಂಟಿತ್ತು. ಬಿಚ್ಚಿದರೆ ಮಡಚುವ ಮೆಟ್ಟುಕತ್ತಿ! ಕಬ್ಬಿಣದ ಕಾಲು, ಕೀಲಿನ ಮೇಲೆ ಎದ್ದು ನಿಲ್ಲುವ ಅಲಗು, ಅಲಗಿನ ತುದಿಯಲ್ಲಿ ಕಾಯಿ ಹೆರೆಯುವ ಹಲ್ಲು. ಕೊಂಕಣಿಯವರು ಆದೊಳಿ ಅನ್ನುತ್ತಾರಲ್ಲ, ಅದೇ. ಬಿಚ್ಚಿ, ಕಾಲಡಿ ಒತ್ತಿ, ಎರಡೂ ಕೈ ಬಿಡುವು ಮಾಡಿಕೊಂಡು ಬಸಳೆ ದಂಟು ಹೆಚ್ಚಿದಳು. ಎಲ್ಸೆನರ್ ಬಂದು ಅದನ್ನು ನೋಡಿದ್ದರೆ ಪಕ್ಕದಲ್ಲಿ ಕುಳಿತು ಕೀಲು ಪರೀಕ್ಷಿಸುತ್ತಿದ್ದ ಅಂತ ನನಗೆ ಖಂಡಿತ ಅನ್ನಿಸುತ್ತದೆ.

ಅಜ್ಜ ಹೋದ ಮೇಲೆ ಕೆಂಪು ಚಾಕು ನನಗೆ ಬಂತು. ಹನ್ನೊಂದು ವರ್ಷ ನನ್ನ ಜೇಬಿನಲ್ಲಿತ್ತು. ಅಜ್ಜ ಸಾಣೆಕಲ್ಲಿಗೆ ಮಸೆದು ಮಸೆದು ದೊಡ್ಡ ಅಲಗು ಎಷ್ಟು ಸಣ್ಣಗಾಗಿತ್ತೆಂದರೆ ಮಡಚಿದಾಗ ಹಿಡಿಯ ಒಳಗೆ ಎಲ್ಲೋ ಕೆಳಗೆ ಕಾಣುತ್ತಿತ್ತು. ಒಂದು ಸಲ ಊರಿಗೆ ಹೊರಡುವ ಅವಸರದಲ್ಲಿ ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕಲು ಮರೆತೆ, ಕೈಚೀಲದಲ್ಲಿ ಉಳಿಯಿತು. ನಡುರಾತ್ರಿ, ಒಂದು ವಿಮಾನ ನಿಲ್ದಾಣದ ತಪಾಸಣೆಯ ಸಾಲು. ತೆರೆಯ ಮೇಲೆ ಚೀಲದೊಳಗಿನ ಅದರ ನೆರಳು ಕಂಡದ್ದೇ ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ವಾಪಸು ಹೋಗಿ ಲಗೇಜಿಗೆ ಹಾಕುತ್ತೇನೆ ಅಂದೆ, ಪೆಟ್ಟಿಗೆ ಆಗಲೇ ಹೋಗಿತ್ತು. ಅಜ್ಜನದು ಅಂದೆ. ತಪ್ಪು ನನ್ನದೇ, ಅವರು ಅವರ ಕೆಲಸ ಮಾಡಿದರು. ಆದರೆ ಆ ಅಧಿಕಾರಿ ಕೈ ಚಾಚಿ ಅದನ್ನು ನನ್ನ ಕೈಯಿಂದ ನೇರ ತೆಗೆದುಕೊಂಡರು. ಎಲ್ಲಾದರೂ ಕೆಳಗೆ ಇಟ್ಟು ಕೊಡೋಣ ಅಂದರೆ ಅಲ್ಲಿ ಜಾಗವೇ ಇರಲಿಲ್ಲ. ಕತ್ತರಿ, ನೈಲ್‌ಕಟ್ಟರುಗಳಿದ್ದ ಪ್ಲಾಸ್ಟಿಕ್ ಡಬ್ಬದಲ್ಲಿ ಅದು ಬಿದ್ದ ಸದ್ದು ಇವತ್ತಿಗೂ ಕೇಳುತ್ತದೆ. ಶುಕ್ರವಾರದ ಸಂತೆಗೆ ನಾನು ಹೋಗಲು ಶುರುಮಾಡಿದ್ದು ಆಮೇಲೆ. ಅದು ಅಲ್ಲಿ ಸಿಗುವುದಿಲ್ಲವೆಂದು ಗೊತ್ತು. ಆದರೂ ಯಾವ ತಟ್ಟೆಯಲ್ಲಿ ಕೆಂಪು ಕಂಡರೂ ಬಗ್ಗುತ್ತೇನೆ.

ಹಾಗೆ ಬಗ್ಗಿ ಬಗ್ಗಿ ಹಳೆ ಚಾಕು ಕೂಡಿಡುವವರ ಪರಿಚಯವಾಯಿತು. ಅವರು ಅಲಗನ್ನು ಬಿಚ್ಚಿ ಮಡಚುವಾಗ ಕಿವಿಯನ್ನು ಹತ್ತಿರ ತರುತ್ತಾರೆ. ಒಳ್ಳೆಯ ಸ್ಪ್ರಿಂಗು ‘ಟಕ್’ ಅನ್ನಬೇಕು. ಸದ್ದು ಮೊಂಡಾದರೆ ಬೆಲೆಯೂ ಇಳಿಯುತ್ತದೆ. ಬುಡದ ಮುದ್ರೆ ಓದಲು ಬರಬೇಕು. ಉಜ್ಜಿ ಫಳಫಳ ಮಾಡಬಾರದು, ಕಾಲದ ಬಣ್ಣ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅಲಗು ಮಸೆದಿರಬಾರದು. ಕಾರ್ಖಾನೆಯಿಂದ ಬಂದಷ್ಟೇ ತುಂಬಿಕೊಂಡಿರಬೇಕು. ಅವರ ಶ್ರದ್ಧೆಗೆ ನಾನು ಕೈಮುಗಿಯುತ್ತೇನೆ. ಅವರಿಲ್ಲದಿದ್ದರೆ ಎಷ್ಟೋ ಹಳೆಯ ಕೈಕೆಲಸ ಗುಜರಿಗೆ ಹೋಗುತ್ತಿತ್ತು. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿ 1851ರ ಲಂಡನ್ ಮಹಾಪ್ರದರ್ಶನಕ್ಕೆಂದು 75 ಅಲಗು, ಹತ್ಯಾರಗಳ ಒಂದೇ ಚಾಕು ಮಾಡಿತ್ತು, ನಾರ್ಫಕ್ ನೈಫ್ ಎಂದು ಅದರ ಹೆಸರು. ಅದರ ಚಿತ್ರ ನೋಡಿದರೆ ನವಿಲು ಗರಿಗೆದರಿದ ಹಾಗಿದೆ. ಆದರೆ ಮಸೆಯದ ಅಲಗಿಗೇ ಹೆಚ್ಚು ಬೆಲೆ ಅನ್ನುವ ಅವರ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಅಜ್ಜನ ಚಾಕುವಿನಲ್ಲಿ ಕಾಣೆಯಾಗಿದ್ದ ಆ ಉಕ್ಕು ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಬಾವಿಕಟ್ಟೆಯ ಸಾಣೆಕಲ್ಲಿನ ಗುಳಿಯಲ್ಲಿ ಇತ್ತು, ನಮಗೆ ಹೆಚ್ಚಿಕೊಟ್ಟ ಮಾವಿನಕಾಯಿಯ ಹೋಳುಗಳಲ್ಲಿ ಇತ್ತು.

ಮುಳ್ಳು ಏಳದೆ ಎರಡು ವಾರ ಕಳೆದ ಮೇಲೆ ಮತ್ತೆ ಆ ಮುದುಕರ ಬಳಿ ಹೋಗಿ ಉಗುರು ತೋರಿಸಿದೆ. ಅವರು ಕತ್ತಿಯನ್ನು ತಿರುಗಿಸಿ ನೋಡಿ ಮತ್ತೆ ಬಟ್ಟೆಯ ಮೇಲಿಟ್ಟು “ಎಣ್ಣೆ ಹಾಕು, ಸಬರ್ ಮಾಡು” ಅಂದರು. ಸಬರ್! ಅಜ್ಜಿ ಹೇಳುತ್ತಿದ್ದ ಸಬೂರಿ. ಆ ಮುದುಕರ ಅಜ್ಜ ಮುತ್ತು ತೆಗೆಯಲು ಮುಳುಗುವವರಾಗಿದ್ದರಂತೆ. ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಆ ಮುಳುಗುಗಾರರ ಸಾಮಾನು ಇಟ್ಟಿದ್ದಾರೆ. ಮೂಗಿಗೆ ಸಿಕ್ಕಿಸುವ ಫಿತಾಮ್, ಕುತ್ತಿಗೆಗೆ ತೂಗುವ ಬಲೆಯ ಬುಟ್ಟಿ, ಬೆರಳಿಗೆ ತೊಗಲಿನ ಟೊಪ್ಪಿ, ಕಾಲಿಗೆ ಕಟ್ಟುವ ಕಲ್ಲು. ಚಿಪ್ಪು ತೆರೆಯುವ ಕತ್ತಿ ಪುಟ್ಟದು. ದಿನವಿಡೀ ತಂದ ಚಿಪ್ಪುಗಳನ್ನು ಒಂದೇ ರಾಶಿ ಹಾಕಿ, ಮರುದಿನ ಬೆಳಗ್ಗೆ ಹಡಗಿನ ಮುಖ್ಯಸ್ಥ ನಾಖುದನ ಕಣ್ಣೆದುರು ಎಲ್ಲರೂ ಕೂತು ತೆರೆಯುತ್ತಿದ್ದರಂತೆ. ಯಾರು ತಂದ ಚಿಪ್ಪಿನಲ್ಲಿ ಮುತ್ತಿತ್ತೆಂದು ಯಾರಿಗೂ ತಿಳಿಯದಂತೆ. ಎಷ್ಟು ಸಾವಿರ ಚಿಪ್ಪು ತೆರೆದರೆ ಒಂದು ಒಳ್ಳೆಯ ಮುತ್ತು ಎಂದು ಮುದುಕರು ಲೆಕ್ಕ ಹೇಳಲಿಲ್ಲ, ಅಂಗೈ ತಿರುಗಿಸಿ ಖಾಲಿ ತೋರಿಸಿದರು.

ಎಣ್ಣೆ ಹಾಕಿದೆ. ದಿನಾ ರಾತ್ರಿ ಕೀಲಿಗೆ ಒಂದು ಹನಿ, ಬೆಳಗ್ಗೆ ಒರೆಸುವುದು. ಬಟ್ಟೆಗೆ ಕಂದು ಬಣ್ಣ, ಅದರಲ್ಲಿ ಸಣ್ಣ ಮರಳಿನ ಕಣ. ನಮ್ಮ ಕರಾವಳಿಯ ಹಾಗೆ ಇಲ್ಲೂ ಗಾಳಿಯಲ್ಲಿ ಉಪ್ಪು. ಕಬ್ಬಿಣಕ್ಕೆ ಎರಡು ಊರೂ ಒಂದೇ. ಒಂದು ಬುಧವಾರ ರಾತ್ರಿ ಹೆಬ್ಬೆರಳಿಗೆ ಬಟ್ಟೆ ಸುತ್ತಿ ಒತ್ತಿದಾಗ ಮೊದಲು ಕೂದಲೆಳೆಯಷ್ಟು ಅಲುಗಿತು, ಆಮೇಲೆ ಮುದುಕರು ಮೊಣಕಾಲಿಗೆ ಕೈಯೂರಿ ಏಳುವ ಹಾಗೆ ಮೆಲ್ಲ ಮೆಲ್ಲ ಎದ್ದು, ಕೊನೆಯಲ್ಲಿ ಟಕ್ ಎಂದು ನಿಂತಿತು. ಹೆಂಡತಿ ಅಡುಗೆಮನೆಯಿಂದ “ಎದ್ದಿತಾ?” ಎಂದು ಕೂಗಿದಳು. ಅವಳಿಗೂ ಆ ಸದ್ದು ಗೊತ್ತಾಗಿತ್ತು.

ಅದೇ ವಾರ ಕನ್ನಡ ಸಂಘದ ಯಕ್ಷಗಾನ. ಇಲ್ಲಿನ ಸಂಘ 1977ರದ್ದು, ಈಗ ಅದಕ್ಕೆ ಸ್ವಂತ ಕನ್ನಡ ಭವನವೂ ಇದೆ. ನಾನು ಆಟಕ್ಕೆ ಪರದೆ ಕಟ್ಟುವ, ಹಗ್ಗ ಬಿಗಿಯುವ ಕೆಲಸದವನು. ಕತ್ತಿಯನ್ನು ಸಾಮಾನಿನ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಆಟ ಮುಗಿದು ಚೌಕಿಗೆ ಬಂದರೆ ಬಣ್ಣದ ವೇಷದ ಹುಡುಗ ಏದುಸಿರು ಬಿಡುತ್ತ ನಿಂತಿದ್ದ. ಹಗಲಿಡೀ ಆಫೀಸಿನಲ್ಲಿ ಲೆಕ್ಕ ಬರೆಯುವವನು, ಎರಡು ಗಂಟೆ ಕುಣಿದು ಅಬ್ಬರಿಸಿದ್ದ. ಬೆನ್ನ ಹಿಂದಿನ ಕಟ್ಟು ಬೆವರಿಗೆ ಉಬ್ಬಿ ಕಲ್ಲಾಗಿತ್ತು. ಇಬ್ಬರು ಉಗುರು ಹಾಕಿ ಸೋತಿದ್ದರು. ಯಾರೋ ಕತ್ತರಿ ತಂದರು. ವೇಷ ಕಟ್ಟುವ ಹಿರಿಯರು ಅಡ್ಡ ಬಂದರು: “ಕತ್ತರಿಸಬೇಡಿ ಮಾರಾಯ್ರೇ, ಊರಿಂದ ತಂದದ್ದು, ನಾಡಿದ್ದು ವಾಪಸು ಹೋಗಬೇಕು.”

ಮುಳ್ಳನ್ನು ಎಬ್ಬಿಸಿ ಕತ್ತಿಯನ್ನು ಅವರ ಮುಂದಿನ ಚಾಪೆಯ ಮೇಲಿಟ್ಟೆ. ಅವರು ಅದನ್ನೂ ನನ್ನನ್ನೂ ಒಮ್ಮೆ ನೋಡಿ ಎತ್ತಿಕೊಂಡರು. ಯಾವುದು, ಯಾಕೆ ಎಂದು ಕೇಳಲಿಲ್ಲ. ಗಂಟಿನ ಎರಡು ಸುತ್ತುಗಳ ನಡುವೆ ಮೊನೆಯೂರಿ, ಹಿಡಿಯನ್ನು ಆಚೀಚೆ ಎರಡು ಸಲ ಹೊರಳಿಸಿದರು. ಗಂಟು ಬಾಯಿ ಬಿಟ್ಟಿತು. ಹುಡುಗ ಕಣ್ಣುಮುಚ್ಚಿ ಎದೆತುಂಬ ಉಸಿರೆಳೆದುಕೊಂಡ, ಮುಖದ ಬಣ್ಣದ ಮೇಲೆ ಬೆವರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಹಿರಿಯರು ಇನ್ನೂ ನಾಲ್ಕು ಗಂಟು ಅದರಿಂದಲೇ ಬಿಚ್ಚಿ, ಚಾಪೆಯ ಮೇಲಿಟ್ಟು, ಕಿರೀಟ ಇಳಿಸುವ ಕಡೆಗೆ ತಿರುಗಿದರು.

ಮನೆಗೆ ಬಂದು ದೀಪದಡಿ ಒರೆಸಲು ತೆಗೆದಾಗ ಮುಳ್ಳಿನ ಬುಡದ ಕೀಲಿನಲ್ಲಿ ಕೆಂಪು ನೂಲಿನ ಒಂದು ಎಳೆ ಸಿಕ್ಕಿಕೊಂಡಿತ್ತು. ಅದನ್ನು ಹಾಗೇ ಬಿಟ್ಟು ಮಡಚಿದೆ.